ಜಪಾನಿ ಗ್ರಾಹಕರ ಜೊತೆ ಕೆಲಸ: ಕಾರ್ಖಾನೆ ತಂಡಕ್ಕೆ 156 ಗಂಟೆಯಲ್ಲಿ ಏನು ಕಲಿಸೋದು? (ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಪಾಠಪಟ್ಟಿ:
ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ 24 ಜನಕ್ಕೆ ಜಪಾನಿ ಭಾಷೆಯ ತರಗತಿ ರೂಪಿಸಬೇಕಿದೆ. ಗುಣಮಟ್ಟ ವಿಭಾಗದವರು, ಲೈನ್ ಸೂಪರ್‌ವೈಸರ್‌ಗಳು, ಜೊತೆಗೆ ಖರೀದಿ ವಿಭಾಗದ ನಾಲ್ವರು. ವಾರಕ್ಕೆ 3 ದಿನ, ದಿನಕ್ಕೆ 2 ಗಂಟೆ, 26 ವಾರ. ಒಟ್ಟು 156 ಗಂಟೆ. ಗ್ರಾಹಕ ಕಂಪನಿ ಜಪಾನಿನದು. ವಾರಕ್ಕೊಂದು ವಿಡಿಯೊ ಕರೆ, ಮೂರು ತಿಂಗಳಿಗೊಮ್ಮೆ ಅವರೇ ಆಡಿಟ್‌ಗೆ ಬರುತ್ತಾರೆ. ಆಡಳಿತದ ಬೇಡಿಕೆ ಒಂದೇ ಸಾಲು: ‘ಎಲ್ಲರೂ ಎನ್4 ಪಾಸಾಗಲಿ.’ ಅದು ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯ ಐದು ಹಂತಗಳಲ್ಲಿ ಕೆಳಗಿನಿಂದ ಎರಡನೆಯದು. ಕಲಿಯುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಿಂದ ಬಂದ ಐಟಿಐ, ಡಿಪ್ಲೊಮಾದವರು. ಪಠ್ಯಗಳೆಲ್ಲ ಇಂಗ್ಲಿಷ್ ವಿವರಣೆಯವು.

ಎನ್4 ಗುರಿ ಸರಿಯೇ? ಕನ್ನಡದಲ್ಲೇ ವಿವರಿಸಿದರೆ ನಷ್ಟವಿದೆಯೇ? ‘ಸಂಸ್ಕೃತಿ’ ಅಂತ ಎಷ್ಟು ಗಂಟೆ ತೆಗೆದಿಡಬೇಕು?

ಎರಡನೇ ಪಾಳಿ:
ಮೊದಲು ಆಡಳಿತದವರ ಮುಂದೆ ಗಂಟೆಗಳ ಲೆಕ್ಕ ಇಡಿ. 2009ರವರೆಗೆ ಜೆಎಲ್‌ಪಿಟಿ ಪರೀಕ್ಷೆಗೆ ನಾಲ್ಕು ಹಂತಗಳಿದ್ದವು, ಪ್ರತಿ ಹಂತಕ್ಕೂ ಅಂದಾಜು ಅಳತೆಯನ್ನು ಅವರೇ ಕೊಡುತ್ತಿದ್ದರು. ಕೆಳಗಿನ ಹಂತಕ್ಕೆ 150 ಗಂಟೆ, 100 ಕಾಂಜಿ (ಚೀನೀ ಮೂಲದ ಲಿಪಿಚಿಹ್ನೆ), 800 ಪದ. ಅದರ ಮೇಲಿನದಕ್ಕೆ 300 ಗಂಟೆ, 300 ಕಾಂಜಿ, 1500 ಪದ. ಇವತ್ತಿನ ಎನ್5 ಮತ್ತು ಎನ್4 ಹೆಚ್ಚುಕಡಿಮೆ ಇವೇ. 2010ರಿಂದ ಇಂಥ ಪಟ್ಟಿ ಪ್ರಕಟಿಸುವುದನ್ನು ನಿಲ್ಲಿಸಿದ್ದಾರೆ, ಆದರೂ ಅಳತೆಗೆ ಸಾಕು. ನಿಮ್ಮ 156 ಗಂಟೆ ಎನ್5ಕ್ಕೆ ಸರಿಹೋಗುತ್ತದೆ. ಎನ್4 ಅಂತ ಹಟ ಹಿಡಿದರೆ ಅರ್ಧ ತರಗತಿ ಉರು ಹೊಡೆಯುವುದರಲ್ಲೇ ಮುಗಿಯುತ್ತೆ.

ಇನ್ನೊಂದು. ಜೆಎಲ್‌ಪಿಟಿಯಲ್ಲಿ ಮಾತಾಡುವ ಪರೀಕ್ಷೆಯೇ ಇಲ್ಲ, ಬರೆಯುವುದೂ ಇಲ್ಲ. ಎನ್4ರಲ್ಲಿ 180ಕ್ಕೆ 90 ಬಂದರೆ ಪಾಸು. ಅದರೊಳಗೆ ಭಾಷಾಜ್ಞಾನ ಮತ್ತು ಓದು ಸೇರಿ 120ಕ್ಕೆ ಕನಿಷ್ಠ 38, ಕೇಳುವಿಕೆಯಲ್ಲಿ 60ಕ್ಕೆ ಕನಿಷ್ಠ 19 ಇರಬೇಕು. ಎಲ್ಲವೂ ಗುರುತು ಹಾಕುವ ಪ್ರಶ್ನೆಗಳು. ಪಾಸಾದವನೂ ಕರೆಯಲ್ಲಿ ಬಾಯಿ ಬಿಡದೆ ಕೂರಬಹುದು, ಅದರಲ್ಲಿ ಆಶ್ಚರ್ಯವೇನಿಲ್ಲ.

ವ್ಯವಹಾರದ ಜಪಾನಿಗೇ ಬಿಜೆಟಿ ಅಂತ ಬೇರೆ ಪರೀಕ್ಷೆ ಇದೆ. 800 ಅಂಕದ್ದು, ಪಾಸು-ಫೇಲು ಇಲ್ಲ, ಜೆ5ರಿಂದ ಜೆ1 ಪ್ಲಸ್‌ವರೆಗೆ ದರ್ಜೆ. ಆದರೆ ಆರಂಭದವರಿಗೆ ಅದು ಹೇಳಿದ್ದಲ್ಲ. ‘ನಿರ್ದಿಷ್ಟ ಕೌಶಲ’ ವೀಸಾದಲ್ಲಿ ಜಪಾನಿಗೆ ಹೋಗುವವರಿದ್ದರೆ ಮಾತ್ರ ಎನ್4 ಅಥವಾ ಜೆಎಫ್‌ಟಿ ಬೇಸಿಕ್ ಅನ್ನುವ ಇನ್ನೊಂದು ಪರೀಕ್ಷೆ (250ಕ್ಕೆ 200) ಬೇಕಾಗುತ್ತದೆ. ಊರಲ್ಲೇ ಕೂತು ಕರೆ ನಡೆಸುವವರಿಗೆ ಆ ಸರ್ಟಿಫಿಕೇಟಿನಿಂದ ಏನು ಪ್ರಯೋಜನ?

ಪ್ರತ್ಯಯ:
ಕನ್ನಡದಲ್ಲಿ ವಿವರಿಸಿದರೆ ನಷ್ಟವಾ? ಇಂಗ್ಲಿಷಿನಲ್ಲಿ ವಿವರಿಸಿದರೇ ನಷ್ಟ. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ಜಪಾನಿಗೆ 2200 ತರಗತಿ ಗಂಟೆ ಅನ್ನುವುದು ಇಂಗ್ಲಿಷ್ ಮನೆಮಾತಿನವರ ಲೆಕ್ಕ. ಅವರಿಗೆ ವಾಕ್ಯವನ್ನೇ ತಲೆಕೆಳಗು ಮಾಡಬೇಕು. ನಮಗೆ ಆ ಕಷ್ಟವಿಲ್ಲ.

‘ನಿನ್ನೆ ಬಂದ ವ್ಯಕ್ತಿ’ ಜಪಾನಿಯಲ್ಲಿ ‘ಕಿನೋ ಕಿತಾ ಹಿತೊ’. ಪದಕ್ಕೆ ಪದ ಕೂಡುತ್ತದೆ, ಇಂಗ್ಲಿಷಿನ ‘ಹೂ’ ‘ವಿಚ್’ ಅಂತ ಯಾವ ಗೋಜೂ ಇಲ್ಲ. ಬೋರ್ಡಿನ ಮೇಲೆ ಈ ಜೋಡಿಗಳನ್ನು ಬರೆದು ಬಿಡಿ: ಅನ್ನು – ಓ, ಇಂದ – ಕಾರಾ, ಅಂತ – ತೊ. ‘ನಾಳೆ ಬರ್ತೀನಿ ಅಂತ ಹೇಳಿದರು’ ಅನ್ನುವುದರ ‘ಅಂತ’ ಇರುವ ಜಾಗದಲ್ಲೇ ‘ತೊ’ ಬರುತ್ತದೆ. ಪ್ರಶ್ನೆಯ ‘ಬಂದರಾ?’ದ ಕೊನೆಯ ‘ಆ’ ಇದ್ದ ಕಡೆ ‘ಕಾ’. ‘ನಾನೂ’ದ ‘ಊ’ ಇದ್ದ ಕಡೆ ‘ಮೊ’. ‘ಯಾರೋ’ ಅಂದರೆ ‘ದರೆಕಾ’, ‘ಯಾರೂ ಇಲ್ಲ’ ಅಂದರೆ ‘ದರೆಮೊ ಇನಾಯ್’. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಒಂದು ಪುಟ ಬೇಕು, ಕನ್ನಡದಲ್ಲಿ ಒಂದು ಸಾಲು.

ಜೋಡಿ ಕ್ರಿಯಾಪದಗಳಂತೂ ಕನ್ನಡಿಗರಿಗೆ ಹಬ್ಬ. ಮಾಡಿ ನೋಡು – ಶಿತೆ ಮಿರು, ಮಾಡಿ ಇಡು – ಶಿತೆ ಓಕು. ‘ಮಿರು’ ಅಂದರೆ ನೋಡು, ‘ಓಕು’ ಅಂದರೆ ಇಡು. ‘ಹೋಗಿ ಬರ್ತೀನಿ’ ಅಂತ ನಾವು ಹೊಸ್ತಿಲಲ್ಲಿ ನಿಂತು ಹೇಳುವುದನ್ನು ಅವರೂ ಹೇಳುತ್ತಾರೆ: ‘ಇತ್ತೆ ಕಿಮಾಸು’, ಹೋಗಿ ಬರುತ್ತೇನೆ. ಬರೀ ‘ಹೋಗ್ತೀನಿ’ ಅಂದರೆ ಅಪಶಕುನ ಅಂತ ಬೈಯುವ ಅಜ್ಜಿ ಅಲ್ಲೂ ಇದ್ದಾಳೋ ಏನೋ.

ಸರಿ, ಇನ್ನು ಕನ್ನಡ ದಾರಿ ತಪ್ಪಿಸುವ ಜಾಗಗಳು. ಹೋಲಿಕೆಯ ಖುಷಿಯಲ್ಲಿ ಇವನ್ನು ಮರೆತರೆ ತಪ್ಪು ಗಟ್ಟಿಯಾಗಿ ಕೂತುಬಿಡುತ್ತದೆ.

ಯಾರಾದರೂ ಕೂಗಿದರೆ ನಾವು ‘ಬಂದೆ, ಬಂದೆ’ ಅನ್ನುತ್ತೇವೆ. ಜಪಾನಿಯಲ್ಲಿ ಆಗ ಹೇಳಬೇಕಾದದ್ದು ‘ಇಮಾ ಇಕಿಮಾಸು’, ಅಂದರೆ ‘ಈಗ ಹೋಗುತ್ತೇನೆ’. ಮಾತಾಡುವವನು ನಿಂತ ಜಾಗದಿಂದ ಆಚೆಗೆ ಸರಿದರೆ ಅದು ಯಾವಾಗಲೂ ಹೋಗುವುದೇ.

‘ಕೊಡು’ ನಮಗೆ ಒಂದೇ. ಅವರಿಗೆ ನನ್ನಿಂದ ಆಚೆ ಹೋದರೆ ‘ಆಗೆರು’, ಬೇರೆಯವರಿಂದ ನನ್ನ ಕಡೆಗೆ ಬಂದರೆ ‘ಕುರೆರು’. ‘ನೀವು ಡ್ರಾಯಿಂಗ್ ಕೊಟ್ಟಿರಿ’ ಅನ್ನುವಾಗ ‘ಆಗೆರು’ ಬಳಸಿದರೆ ವಾಕ್ಯದ ದಿಕ್ಕೇ ಉಲ್ಟಾ.

‘ತನಕ’ ಮತ್ತು ‘ಒಳಗೆ’. ‘ಮಾದೆ’ ಅಂದರೆ ತನಕ, ‘ಮಾದೆ ನಿ’ ಅಂದರೆ ಒಳಗೆ. ‘ಶುಕ್ರವಾರದ ತನಕ ಕಳಿಸುತ್ತೇವೆ’ ಮತ್ತು ‘ಶುಕ್ರವಾರದೊಳಗೆ ಕಳಿಸುತ್ತೇವೆ’ ನಡುವಿನ ವ್ಯತ್ಯಾಸ ಒಂದು ‘ನಿ’. ನೋಕಿ, ಅಂದರೆ ಡೆಲಿವರಿ ಗಡುವಿನ ಮಾತಲ್ಲಿ ಇದು ತಪ್ಪಿದರೆ ಗೊಂದಲ ಗ್ಯಾರಂಟಿ.

ಕೊನೆಯದು, ಕನ್ನಡದಲ್ಲಿ ಇದು-ಅದು ಎರಡೇ. ಅಲ್ಲಿ ಮೂರು: ಕೊರೆ ನನ್ನ ಹತ್ತಿರದ್ದು, ಸೊರೆ ನಿಮ್ಮ ಹತ್ತಿರದ್ದು, ಅರೆ ಇಬ್ಬರಿಗೂ ದೂರದ್ದು. ಹಳಗನ್ನಡದಲ್ಲಿ ನಡುವಿನ ‘ಉದು’ ಇತ್ತು, ನಾವು ಕಳಕೊಂಡೆವು. ವಿಡಿಯೊ ಕರೆಯಲ್ಲಿ ಎದುರಿನವರ ಕೈಯಲ್ಲಿರುವ ಬಿಡಿಭಾಗಕ್ಕೆ ‘ಸೊರೆ’ ಅನ್ನಬೇಕು. ನಮ್ಮವರು ಕನ್ನಡದ ‘ಅದು’ ನೆನೆದು ‘ಅರೆ’ ಅನ್ನುತ್ತಾರೆ.

ಬಾಯ್ದೆರೆ:
ಉಚ್ಚಾರಕ್ಕೆ ಮೊದಲ ವಾರ ಪೂರ್ತಿ ಕೊಡಿ, ಮತ್ತೆ ಹಿಂತಿರುಗಿ ನೋಡಬೇಕಾಗಿಲ್ಲ. ದೀರ್ಘ ಮತ್ತು ಒತ್ತು ಎರಡೂ ನಮಗೆ ಹುಟ್ಟಿನಿಂದಲೇ ಬಂದಿವೆ. ‘ಕಿತೆ’ ಅಂದರೆ ‘ಬಾ’, ‘ಕಿತ್ತೆ’ ಅಂದರೆ ಅಂಚೆಚೀಟಿ. ‘ಒಬಸಾನ್’ ಅಂದರೆ ಅತ್ತೆ-ಚಿಕ್ಕಮ್ಮ, ‘ಒಬಾಸಾನ್’ ಅಂದರೆ ಅಜ್ಜಿ. ಇಂಗ್ಲಿಷಿನವರು ತಿಂಗಳುಗಟ್ಟಲೆ ಒದ್ದಾಡುವ ಜಾಗ ಇದು.

ಆದರೆ ರೋಮನ್ ಲಿಪಿ ನೋಡಿ ಓದಿಸಿದರೆ ಈ ಲಾಭವೆಲ್ಲ ಕೈಬಿಟ್ಟಂತೆ. ‘ಟಿ’ ‘ಡಿ’ ಕಂಡ ಕೂಡಲೇ ನಮ್ಮ ನಾಲಗೆ ಇಂಗ್ಲಿಷ್ ಅಭ್ಯಾಸದಲ್ಲಿ ಟ-ಡ ಅನ್ನುತ್ತದೆ. ಜಪಾನಿಯವು ತ-ದ. ‘ಅರಿಗಾಟೊ’ ಅಲ್ಲ, ‘ಅರಿಗತೋ’. ಹಾಗಾಗಿ ಹಿರಗಾನ (ಜಪಾನಿಯ ಮೂಲ ಅಕ್ಷರಮಾಲೆ) ಕೂರುವವರೆಗೆ, ಸುಮಾರು ಎರಡು ವಾರ, ಕನ್ನಡ ಲಿಪಿಯಲ್ಲೇ ಬರೆಸಿ. ಆಮೇಲೆ ಅದನ್ನೂ ಬಿಡಿಸಿ.

ನಮಗೆ ತೊಡಕಾಗುವುದು ಮೂರು ಕಡೆ. ‘ತ್ಸು’ವನ್ನು ‘ಸು’ ಅಥವಾ ‘ಚು’ ಮಾಡುತ್ತಾರೆ. ‘ಮತ್ಸು’ ಅಂತ ಒಂದೇ ಉಸಿರಲ್ಲಿ ಹೇಳಿಸಿ. ‘ಜ಼’ ‘ಜ’ ಆಗಿ ‘ಗೊಜ಼ಾಯಿಮಾಸು’ ಅನ್ನುವುದು ‘ಗೊಜಾಯಿಮಾಸು’ ಆಗುತ್ತದೆ. ಮೂರನೆಯದು ಕಾರ್ಖಾನೆಯವರಿಗೆ ದಿನಾ ಬೇಕಾದದ್ದು: ಕಾರಣ ಅನ್ನುವ ಪದ ‘ಗೆನ್-ಇನ್’. ‘ಗೆನಿನ್’ ಅಂತ ಕೂಡಿಸಬಾರದು, ನಡುವೆ ಮೂಗಿನಲ್ಲಿ ಒಂದು ಮಾತ್ರೆ ನಿಲ್ಲಬೇಕು. ‘ಕಿನ್-ಎನ್’ ಅಂದರೆ ಧೂಮಪಾನ ನಿಷೇಧ, ‘ಕಿನೆನ್’ ಅಂದರೆ ಸ್ಮರಣಾರ್ಥ. ಚಪ್ಪಾಳೆ ತಟ್ಟಿ ಮಾತ್ರೆ ಎಣಿಸಿ: ಗೆ-ನ್-ಇ-ನ್, ನಾಲ್ಕು. ಶಾಲೆಯಲ್ಲಿ ಛಂದಸ್ಸಿನ ಲಘು-ಗುರು ಎಣಿಸಿದವರಿಗೆ ಕಷ್ಟವೇ ಅಲ್ಲ.

ದುಭಾಷಿ:
ವ್ಯಾಕರಣ, ಉಚ್ಚಾರ ಆಯಿತು. ನಮ್ಮವರು ನಿಜವಾಗಿ ಜಾರುವುದು ಇನ್ನೊಂದು ಕಡೆ, ಅದನ್ನು ‘ಸಂಸ್ಕೃತಿ’ ಅಂತ ಕೊನೆಯ ದಿನದ ಪವರ್‌ಪಾಯಿಂಟಿಗೆ ತಳ್ಳುತ್ತಾರೆ. ಅದು ಗೌರವ ರೂಪ.

ಕನ್ನಡದಲ್ಲಿ ಗೌರವ ಆ ವ್ಯಕ್ತಿಗೆ ಅಂಟಿಕೊಂಡಿರುತ್ತದೆ. ನಮ್ಮ ಮ್ಯಾನೇಜರು ನನಗೆ ‘ಅವರು’, ಆದ್ದರಿಂದ ಯಾರ ಮುಂದೆ ಹೇಳಿದರೂ ‘ಸಾಹೇಬ್ರು ಬಂದಿದ್ದಾರೆ’. ‘ನಮ್ಮ ತಂದೆಯವರು’ ಅಂತ ಹೊರಗಿನವರ ಮುಂದೆ ಹೇಳುವುದು ಒಳ್ಳೆಯ ಸಂಸ್ಕಾರ. ಜಪಾನಿಯಲ್ಲಿ ಗೌರವ ಎದುರಿಗೆ ಯಾರಿದ್ದಾರೆ ಅನ್ನುವುದರ ಮೇಲೆ ತಿರುಗುತ್ತದೆ. ಒಳಗಿನವರು ‘ಉಚಿ’, ಹೊರಗಿನವರು ‘ಸೊತೊ’. ಗ್ರಾಹಕರ ಮುಂದೆ ನಿಂತಾಗ ನಿಮ್ಮ ಎಂಡಿಯೂ ಉಚಿ. ಅವರ ಹೆಸರಿನ ‘ಸಾನ್’ (ನಮ್ಮ ‘ಅವರು’ ಥರ) ಕಳಚಬೇಕು, ಕ್ರಿಯಾಪದ ತಗ್ಗಿಸಬೇಕು. ಗ್ರಾಹಕರು ಫೋನ್ ಮಾಡಿ ತನಕಾ ಅವರನ್ನು ಕೇಳಿದರೆ ಉತ್ತರ: ‘ತನಕಾ ವಾ ತದಾಇಮಾ ಸೆಕಿ ಓ ಹಜ಼ುಶಿತೆ ಒರಿಮಾಸು.’ ಬರೀ ತನಕಾ. ಫೋನ್ ಇಟ್ಟ ಮೇಲೆ ಅದೇ ವ್ಯಕ್ತಿ ಮತ್ತೆ ‘ತನಕಾ ಬುಚೋ’, ವಿಭಾಗದ ಮುಖ್ಯಸ್ಥರು.

ಹೇಳಿಕೊಡುವ ಕ್ರಮ: ಮೊದಲು ಮನೆಯಿಂದ ಶುರು ಮಾಡಿ. ನನ್ನ ತಂದೆ ‘ಚಿಚಿ’, ನಿಮ್ಮ ತಂದೆ ‘ಒತೋಸಾನ್’. ಇದು ಕೂತ ಮೇಲೆ ಕಚೇರಿಗೆ ಬನ್ನಿ. ನಂತರ ಎತ್ತರಿಸುವ ಮತ್ತು ತಗ್ಗಿಸುವ ಕ್ರಿಯಾಪದಗಳ ಜೋಡಿ, ಆರು ಸಾಕು. ಬರುವುದು-ಇರುವುದಕ್ಕೆ ಇರಶ್ಶಾರು, ತಗ್ಗಿಸಿದರೆ ಮಾಇರು ಅಥವಾ ಒರು. ಹೇಳುವುದಕ್ಕೆ ಒಶ್ಶಾರು – ಮೋಸು. ಮಾಡುವುದಕ್ಕೆ ನಸಾರು – ಇತಸು. ನೋಡುವುದು, ತಿನ್ನುವುದು, ತಿಳಿದಿರುವುದು, ಇವಕ್ಕೂ ಇದೇ ಥರ ಜೋಡಿಗಳಿವೆ. ಇದು ಪರಕೀಯ ಅಂತ ಹೆದರಿಸಬೇಡಿ. ಕನ್ನಡದಲ್ಲಿ ಸ್ವಾಮಿಗಳು ‘ದಯಮಾಡಿಸಿದರು’, ‘ಅಪ್ಪಣೆ ಕೊಡಿಸಿದರು’, ನಾವು ‘ಅರಿಕೆ ಮಾಡಿಕೊಂಡೆವು’. ಮಠದ ಆಹ್ವಾನ ಪತ್ರಿಕೆ ಓದಿದವರಿಗೆ ಯಂತ್ರ ಗೊತ್ತೇ ಇದೆ. ಅದು ಜಪಾನಿಯಲ್ಲಿ ದಿನಬಳಕೆಯಲ್ಲಿದೆ, ಅಷ್ಟೆ.

ಎರಡನೇ ಪಾಳಿ:
ದುಭಾಷಿ ಮೇಡಂ, ಲೈನ್ ಸೂಪರ್‌ವೈಸರಿಗೆ ‘ಒಶ್ಶಾರು’ ಯಾಕೆ? ಆಡಿಟ್‌ಗೆ ಬಂದವರು ಅವನಿಂದ ಕೇಳುವುದು ‘ಈ ಗೇಜ್ ಯಾವಾಗ ಕ್ಯಾಲಿಬ್ರೇಟ್ ಆಯ್ತು’ ಅಂತ. ದೆಸು-ಮಾಸು ರೂಪ, ಅಂದರೆ ಸಾಮಾನ್ಯ ಮರ್ಯಾದೆಯ ಮಾತು, ಸರಿಯಾಗಿ ಬಂದರೆ ಸಾಕು. ಭಾರತೀಯರಿಂದ ಜಪಾನಿಗಳು ಪೂರ್ತಿ ಗೌರವ ರೂಪ ನಿರೀಕ್ಷಿಸುವುದೂ ಇಲ್ಲ. ಅದರ ಬದಲು ಈ ಪದಗಳು ಬಾಯಲ್ಲಿರಲಿ: ಫುರ್ಯೋ (ದೋಷ), ಕೆನ್ಸಾ (ತಪಾಸಣೆ), ಕನಗತಾ (ಅಚ್ಚು), ದಂದೊರಿ (ಕೆಲಸದ ಮುಂಚಿನ ಸಿದ್ಧತೆ, ಸೆಟಪ್), ತೆನಾಒಶಿ (ರೀವರ್ಕ್), ಜ಼ಾಇಕೊ (ದಾಸ್ತಾನು), ಇಜೋ (ಅಸಹಜ ಸ್ಥಿತಿ).

ಇಂಗ್ಲಿಷಿನಂತೆ ಕಾಣುವ ಪದಗಳನ್ನೂ ಬೇರೆ ಪಟ್ಟಿ ಮಾಡಿ. ‘ಕುರೇಮು’ ಇಂಗ್ಲಿಷ್ ‘ಕ್ಲೇಮ್’ನಿಂದ ಬಂದದ್ದು, ಅರ್ಥ ಮಾತ್ರ ದೂರು. ಗ್ರಾಹಕರು ‘ಕುರೇಮು’ ಅಂದರೆ ದುಡ್ಡು ಕೇಳುತ್ತಿದ್ದಾರೆ ಅಂತ ಖರೀದಿಯವರು ಗಾಬರಿಯಾಗಬಾರದು. ‘ಸಾಬಿಸು’ ಅಂದರೆ ಬಹಳ ಸಲ ಪುಕ್ಕಟೆ. ‘ರಿಸುತೊರಾ’ ಅಂದರೆ ಕೆಲಸದಿಂದ ತೆಗೆಯುವುದು.

ದುಭಾಷಿ:
ಒಪ್ಪಿದೆ, ಸೂಪರ್‌ವೈಸರ್‌ಗಳಿಗೆ ದೆಸು-ಮಾಸು ಸಾಕು. ಖರೀದಿಯ ನಾಲ್ವರಿಗೆ ಮತ್ತು ಮೇಲ್ ಬರೆಯುವವರಿಗೆ ಮಾತ್ರ ಗೌರವ ರೂಪ ಇಡಿ. ಆದರೆ ಎರಡು ವಿಷಯ ಎಲ್ಲರಿಗೂ. ತನ್ನ ಹೆಸರಿಗೆ ತಾನೇ ‘ಸಾನ್’ ಹಚ್ಚಿಕೊಂಡು ‘ಮಂಜುನಾಥ್-ಸಾನ್ ದೆಸು’ ಅನ್ನಬಾರದು. ಮೇಲಿನವರಿಗೆ ‘ಗೊಕುರೋಸಮಾ’ ಅನ್ನಬಾರದು, ಅದು ಮೇಲಿನವರು ಕೆಳಗಿನವರ ಶ್ರಮಕ್ಕೆ ಹೇಳುವ ಮಾತು; ‘ಒತ್ಸುಕರೆಸಮಾ’ ಅನ್ನಬೇಕು.

ಮೇಲ್‌ನಲ್ಲಿ ಕ್ರಮ ಕಟ್ಟುನಿಟ್ಟು: ಎದುರಿನ ಕಂಪನಿ, ವಿಭಾಗ, ಹೆಸರು ಮತ್ತು ‘ಸಮಾ’ (‘ಸಾನ್’ಗಿಂತ ಹೆಚ್ಚು ಗೌರವದ್ದು), ‘ಇತ್ಸುಮೊ ಒಸೆವಾ ನಿ ನತ್ತೆ ಒರಿಮಾಸು’ (ಸದಾ ನಿಮ್ಮ ನೆರವಿಗೆ ಕೃತಜ್ಞರು), ನಾನು ಇಂಥ ಕಂಪನಿಯ ಇಂಥವನು, ವಿಷಯದ ಸಾರ ಒಂದು ಸಾಲು, ವಿವರ, ‘ಯೊರೊಶಿಕು ಒನೆಗಾಇ ಇತಶಿಮಾಸು’ (ದಯವಿಟ್ಟು ನೋಡಿಕೊಳ್ಳಿ). ಕಂಪನಿಯೊಳಗಿನ ಮೇಲ್‌ಗೆ ‘ಒಸೆವಾ’ ಬೇಡ, ಅಲ್ಲಿ ‘ಒತ್ಸುಕರೆಸಮಾ ದೆಸು’. ಎದುರಿನ ಕಂಪನಿಯನ್ನು ಬರೆಯುವಾಗ ‘ಕಿಶಾ’, ಮಾತಾಡುವಾಗ ‘ಒನ್‌ಶಾ’. ಸರಿ, ತಿಳಿಯಿತು ಅನ್ನಲು ಗ್ರಾಹಕರಿಗೆ ‘ರ್ಯೋಕಾಇ’ ಬೇಡ, ‘ಶೋಚಿ ಇತಶಿಮಾಶಿತಾ’.

ಮೂಲಕಾರಣ:
ಗುಣಮಟ್ಟ ವಿಭಾಗದವರಿಗೆ ಒಂದು ದೋಷ ವರದಿಯನ್ನೇ ಪಠ್ಯವಾಗಿ ಇಟ್ಟುಕೊಂಡು 20 ಗಂಟೆ ಕಲಿಸಿ. ಭಾಷೆ ಮತ್ತು ನಡವಳಿಕೆ ಎರಡೂ ಅದರಲ್ಲೇ ಇವೆ. ‘ಹೋರೆನ್ಸೋ’ ಕೇಳಿರುತ್ತೀರಿ: ಹೋಕೊಕು, ಒಪ್ಪಿಸಿದ ಕೆಲಸ ಏನಾಯಿತು ಅಂತ ವರದಿ; ರೆನ್ರಾಕು, ಸಂಬಂಧಪಟ್ಟವರಿಗೆ ಸುದ್ದಿ ಮುಟ್ಟಿಸುವುದು; ಸೋದಾನ್, ತೀರ್ಮಾನಕ್ಕೆ ಮುಂಚೆ ಸಲಹೆ ಕೇಳುವುದು. ಮೂರೂ ಕೂಡಿದರೆ ಪಾಲಕ್ ಸೊಪ್ಪಿನ ಹೆಸರಾಗುತ್ತದೆ, ಅದಕ್ಕೇ ಎಲ್ಲರಿಗೂ ನೆನಪಿರುತ್ತದೆ. ನಮ್ಮಲ್ಲಿ ಹೋಕೊಕು ನಡೆಯುತ್ತದೆ, ತಪ್ಪಿಹೋಗುವುದು ಸೋದಾನ್. ‘ಮೊದಲು ಸರಿಮಾಡೋಣ, ಆಮೇಲೆ ಹೇಳೋಣ’ ಅನ್ನುವುದು ನಮ್ಮ ಪ್ರಕಾರ ಜವಾಬ್ದಾರಿ. ಅವರ ಪ್ರಕಾರ ಮುಚ್ಚಿಟ್ಟದ್ದು. ಅರ್ಧ ಗೊತ್ತಿದ್ದಾಗಲೇ ಹೇಳಬೇಕು, ಅರ್ಧ ಗೊತ್ತು ಅಂತಲೇ ಹೇಳಬೇಕು.

ವರದಿಯಲ್ಲಿ ಕಾರಣ ಎರಡು ಖಾನೆ: ‘ಹಸ್ಸೆಇ ಗೆನ್-ಇನ್’, ದೋಷ ಹುಟ್ಟಿದ್ದೇಕೆ, ‘ರ್ಯೂಶುತ್ಸು ಗೆನ್-ಇನ್’, ಹುಟ್ಟಿದ ದೋಷ ನಮ್ಮ ಗೇಟು ದಾಟಿದ್ದೇಕೆ. ಎರಡನೆಯದನ್ನು ಖಾಲಿ ಬಿಟ್ಟರೆ ವರದಿ ವಾಪಸ್. ಪರಿಹಾರವೂ ಎರಡು: ‘ಜ಼ಾನ್ತೆಇ ತಾಇಸಾಕು’ ಇವತ್ತಿನ ತೇಪೆ (ನೂರಕ್ಕೆ ನೂರು ತಪಾಸಣೆ, ಲಾಟ್ ಬೇರ್ಪಡಿಸುವುದು), ‘ಕೋಕ್ಯೂ ತಾಇಸಾಕು’ ಕಾಯಂ ದುರಸ್ತಿ. ಆಮೇಲೆ ‘ಯೊಕೊತೆನ್’, ಇದೇ ಪಾಠವನ್ನು ಪಕ್ಕದ ಲೈನ್‌ಗೆ ಹರಡಿದ್ದೀರಾ ಅಂತ.

‘ಆಪರೇಟರ್ ಅಜಾಗರೂಕತೆ, ಮರುತರಬೇತಿ ನೀಡಲಾಯಿತು’ ಅಂತ ಬರೆದರೆ ಮುಂದಿನ ಪ್ರಶ್ನೆ ‘ನಜ಼ೆ?’, ಯಾಕೆ? ಅಜಾಗರೂಕನಾದರೂ ತಪ್ಪಾಗದ ಹಾಗೆ ಜಿಗ್ ಯಾಕಿಲ್ಲ? ನಮ್ಮವರು ಇದನ್ನು ಬೈಗುಳ ಅಂತ ತಿಳಿದು ಕ್ಷಮೆ ಕೇಳುತ್ತಾರೆ. ಕ್ಷಮೆ ಒಮ್ಮೆ ಸಾಕು, ಆರಂಭದಲ್ಲಿ. ‘ನಜ಼ೆ’ಗೆ ಕ್ಷಮೆ ಉತ್ತರವಲ್ಲ, ‘ಕಾರಾ ದೆಸು’ (ಅದಕ್ಕೇ) ಅಂತ ಮುಗಿಯುವ ವಾಕ್ಯ ಉತ್ತರ. ಇದನ್ನೇ ಜೋಡಿಯಾಗಿ ಕೂರಿಸಿ ಐದು ಸಲ ‘ನಜ಼ೆ’ ಕೇಳಿಸುವ ಅಭ್ಯಾಸ ಮಾಡಿಸಿ.

ನೋಡೋಣ:
ಹೌದು-ಇಲ್ಲದ ಪಾಠ ಚಿಕ್ಕದು, ಆದರೆ ಬಿಡಬೇಡಿ. ಕರೆಯಲ್ಲಿ ಅವರು ‘ಹಾಇ, ಹಾಇ’ ಅಂದರೆ ನಮ್ಮ ‘ಹೂಂ, ಹೂಂ’. ಕೇಳಿಸಿಕೊಳ್ಳುತ್ತಿದ್ದೇನೆ ಅಂತ, ಒಪ್ಪಿದೆ ಅಂತ ಅಲ್ಲ. ‘ಕೆಂತೋ ಶಿಮಾಸು’ ಅಂದರೆ ಪರಿಶೀಲಿಸುತ್ತೇವೆ; ನಮ್ಮ ‘ನೋಡೋಣ’ದಷ್ಟೇ ತೂಕ. ‘ಮುಜ಼ುಕಶಿಇ ದೆಸು ನೆ’, ಕಷ್ಟ ಅಲ್ವಾ, ಅಂದರೆ ಆಗಲ್ಲ. ನೇರ ‘ಇಲ್ಲ’ ಅನ್ನಲು ನಮಗೂ ಬಾಯಿ ಬರುವುದಿಲ್ಲ, ಹಾಗಾಗಿ ಕನ್ನಡಿಗರಿಗೆ ಇದು ಬೇಗ ಹತ್ತುತ್ತದೆ.

ತೊಂದರೆ ನಮ್ಮ ಕಡೆಯ ಮಾತಿನದು. ‘ಆಯ್ತು ಸರ್, ಮಾಡ್ತೀವಿ’, ‘ನೋ ಪ್ರಾಬ್ಲಮ್’. ಅವರು ಅದನ್ನು ಗಡುವು ಒಪ್ಪಿದ್ದು ಅಂತ ಬರೆದುಕೊಳ್ಳುತ್ತಾರೆ. ತರಗತಿಯಲ್ಲಿ ‘ದಾಇಜೋಬು’ (ತೊಂದರೆ ಇಲ್ಲ) ಅನ್ನುವ ಪದವನ್ನು ಮೊದಲ ಎರಡು ತಿಂಗಳು ನಿಷೇಧಿಸಿ. ಅದರ ಬದಲು ದಿನಾಂಕ, ಗಂಟೆ, ಯಾವ ದೇಶದ ಗಡಿಯಾರ. ಜಪಾನ್ ನಮಗಿಂತ 3 ಗಂಟೆ 30 ನಿಮಿಷ ಮುಂದೆ. ಅವರ ಸಂಜೆ 4 ನಮ್ಮ ಮಧ್ಯಾಹ್ನ 12.30. ಮತ್ತು ನಮ್ಮ ತಲೆಯಾಡಿಸುವಿಕೆ ಕ್ಯಾಮೆರಾದಲ್ಲಿ ‘ಇಲ್ಲ’ ಅಂತ ಕಾಣುತ್ತದೆ, ಬಾಯಲ್ಲಿ ಹೇಳಿಸಿ.

ಲೆಕ್ಕಪುಸ್ತಕ:
ಖರೀದಿಯವರಿಗೆ ಸಂಖ್ಯೆ. ಜಪಾನಿನವರು ಹತ್ತು ಸಾವಿರದಲ್ಲಿ ಎಣಿಸುತ್ತಾರೆ, ‘ಮಾನ್’. ಎಲ್ಲರೂ ಮಿಲಿಯನ್ ಮೂಲಕ ಹೋಗಿ ಸೊನ್ನೆ ಕಳಕೊಳ್ಳುತ್ತಾರೆ. ಮಿಲಿಯನ್ ಮರೆತುಬಿಡಿ. 10 ಮಾನ್ = 1 ಲಕ್ಷ. 1000 ಮಾನ್ = 1 ಕೋಟಿ. 1 ‘ಒಕು’ = 10 ಕೋಟಿ. 1 ‘ಚೋ’ = 1 ಲಕ್ಷ ಕೋಟಿ, ಸೊಗಸಾಗಿ ಕೂಡುತ್ತದೆ. ದಿನಕ್ಕೆ ಹತ್ತು ಸಂಖ್ಯೆ, ಪ್ರತಿಯೊಂದಕ್ಕೂ 5 ಸೆಕೆಂಡು, ಒಂದು ತಿಂಗಳು. ಕರೆಯಲ್ಲಿ ಬಾಯಿ ಲೆಕ್ಕ ಹೇಳಿದ ಮೇಲೂ ಅಂಕಿಯನ್ನು ಚಾಟ್‌ನಲ್ಲಿ ಹಾಕುವ ಅಭ್ಯಾಸ ಇರಲಿ.

ದಿನಾಂಕ ವರ್ಷ-ತಿಂಗಳು-ದಿನ ಕ್ರಮದಲ್ಲಿ. ಕೆಲವು ಫಾರಂಗಳಲ್ಲಿ ‘ರೆಇವಾ’ ವರ್ಷ, ಅಂದರೆ ಈಗಿನ ಚಕ್ರವರ್ತಿಯ ಆಳ್ವಿಕೆಯ ಲೆಕ್ಕ, ಇರುತ್ತದೆ. ಅದಕ್ಕೆ 2018 ಕೂಡಿಸಿ, ರೆಇವಾ 7 ಅಂದರೆ 2025. ಹಣಕಾಸು ವರ್ಷ ಅಲ್ಲೂ ಹೆಚ್ಚಿನ ಕಂಪನಿಗಳಿಗೆ ಏಪ್ರಿಲ್–ಮಾರ್ಚ್. ಏಪ್ರಿಲ್ ಕೊನೆ–ಮೇ ಮೊದಲ ವಾರ, ಆಗಸ್ಟ್ ಮಧ್ಯ, ವರ್ಷದ ಕೊನೆ, ಈ ಮೂರು ರಜೆಗಳಲ್ಲಿ ಉತ್ತರ ಬರುವುದಿಲ್ಲ. ಆಯುಧಪೂಜೆ, ರಾಜ್ಯೋತ್ಸವಕ್ಕೆ ನಮ್ಮ ಲೈನ್ ನಿಲ್ಲುವುದನ್ನೂ ಹಾಗೇ ಮುಂಚೆ ತಿಳಿಸಿ, ಹಬ್ಬದ ಹಿಂದಿನ ದಿನ ಅಲ್ಲ.

ಪಾಠಪಟ್ಟಿ:
ಎಲ್ಲರಿಗೂ ಧನ್ಯವಾದ. ಹೀಗೆ ಬದಲಿಸಿದ್ದೇನೆ: ಮೊದಲ 90 ಗಂಟೆ ಎಲ್ಲರೂ ಒಟ್ಟಿಗೆ, ಎನ್5 ಮಟ್ಟದ ವ್ಯಾಕರಣ ಕನ್ನಡ ವಿವರಣೆಯಲ್ಲಿ, ಅದರಲ್ಲಿ 6 ಗಂಟೆ ಬರೀ ಉಚ್ಚಾರ. ಉಳಿದ 66 ಗಂಟೆ ಮೂರು ಗುಂಪು: ದೋಷ ವರದಿ, ಲೈನ್ ಮಾತುಕತೆ, ಖರೀದಿ. ಸಂಸ್ಕೃತಿಗೆ ಪ್ರತ್ಯೇಕ ತರಗತಿ ಇಲ್ಲ. ಆಡಳಿತದವರು ಹಾಫ್‌ಸ್ಟೆಡ್ ಅಂಕಪಟ್ಟಿ (ದೇಶದೇಶಗಳ ಸಂಸ್ಕೃತಿಯನ್ನು ಅಂಕಗಳಲ್ಲಿ ಹೋಲಿಸುವುದು) ತೋರಿಸಿ ಅಂತ ಕೇಳುತ್ತಿದ್ದಾರೆ, ಬೇಕಾ? ವಿಸಿಟಿಂಗ್ ಕಾರ್ಡ್ ವಿನಿಮಯಕ್ಕೆ ಎಷ್ಟು ಹೊತ್ತು?

ದುಭಾಷಿ:
ಹಾಫ್‌ಸ್ಟೆಡ್ ಅಂಕಗಳ ಮೂಲ 1960–70ರ ದಶಕಗಳಲ್ಲಿ ಐಬಿಎಂ ನೌಕರರಿಗೆ ಕೊಟ್ಟ ಪ್ರಶ್ನಾವಳಿ. ಒಂದು ದೇಶಕ್ಕೆ ಒಂದು ಅಂಕ. ಎದುರಿಗೆ ಕೂತ ಆಡಿಟರ್ ಮುಂದೇನು ಕೇಳುತ್ತಾರೆ ಅಂತ ಅದು ಹೇಳುವುದಿಲ್ಲ. ಆಡಳಿತದವರಿಗೆ ಒಂದು ಸ್ಲೈಡ್ ಸಾಕು.

ಕಾರ್ಡಿಗೆ 15 ನಿಮಿಷ: ಎರಡೂ ಕೈ, ಅಕ್ಷರ ಅವರ ಕಡೆ ತಿರುಗಿರಲಿ, ಪಡೆದ ಮೇಲೆ ಹೆಸರು ಓದಿ ನೋಡಿ, ಮೇಜಿನ ಮೇಲೆ ಅವರು ಕೂತ ಕ್ರಮದಲ್ಲೇ ಜೋಡಿಸಿ, ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಬೇಡಿ. ಅತಿಥಿಯ ಕುರ್ಚಿ ಬಾಗಿಲಿಂದ ಅತಿ ದೂರದ್ದು. ನಮ್ಮಲ್ಲಿ ಏಸಿ ಕೆಳಗೆ ಕೂರಿಸುವುದೇ ಮರ್ಯಾದೆ, ಅದು ಬಾಗಿಲ ಪಕ್ಕದಲ್ಲಿದ್ದರೆ ಯೋಚಿಸಿ.

ಬಾಯ್ದೆರೆ:
ಕಾರ್ಡ್ ಮುದ್ರಣಕ್ಕೆ ಕೊಡುವ ಮುಂಚೆ ಹೆಸರುಗಳನ್ನು ಕತಕಾನದಲ್ಲಿ (ವಿದೇಶಿ ಹೆಸರು, ಪದಗಳಿಗೆ ಬಳಸುವ ಜಪಾನಿ ಲಿಪಿ) ತೀರ್ಮಾನ ಮಾಡಿ. ಲ-ರ ವ್ಯತ್ಯಾಸ ಅಲ್ಲಿಲ್ಲ; ಲತಾ ‘ರತಾ’ ಆಗುತ್ತಾರೆ. ಚಂದ್ರಶೇಖರಯ್ಯ ಪೂರ್ತಿ ಬರೆದರೆ ಯಾರೂ ಕರೆಯುವುದಿಲ್ಲ, ಮೂರು-ನಾಲ್ಕು ಮಾತ್ರೆಯ ಕರೆಯುವ ಹೆಸರು ಆರಿಸಿ. ಇನಿಶಿಯಲ್ ಬೇಡ, ‘ಕೆ’ ‘ಎಂ’ ಅವರಿಗೆ ಏನೂ ಅಲ್ಲ. ಮುಂದೆ ತರಬೇತಿಗೆ ಜಪಾನಿಗೆ ಹೋಗುವವರು ಇದೇ ಬರಹವನ್ನು ಎಲ್ಲ ಕಡೆ ಉಳಿಸಿಕೊಳ್ಳಬೇಕು. ಅಲ್ಲಿನ ನಿವಾಸ ಕಾರ್ಡಿನಲ್ಲಿ ಹೆಸರು ಪಾಸ್‌ಪೋರ್ಟಿನಂತೆ ರೋಮನ್‌ನಲ್ಲಿರುತ್ತದೆ, ಬ್ಯಾಂಕ್ ಖಾತೆಗೆ ಕತಕಾನ ಬೇಕು. ಕಂಪನಿಯಲ್ಲಿ ‘ಶೇಕರು’, ಬ್ಯಾಂಕಲ್ಲಿ ‘ಶೇಕಾರು’ ಥರ ದೀರ್ಘದ ಒಂದು ಗೆರೆ ಹೆಚ್ಚುಕಡಿಮೆಯಾದರೂ ಸಂಬಳ ಜಮಾ ಆಗದೆ ವಾಪಸ್ ಹೋಗಬಹುದು. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆದಿದ್ದಾರಾ, ಅದನ್ನು ಈಗಲೇ ನೋಡಿಕೊಳ್ಳಿ.